ಫೋನ್ ಬದಿಗಿಟ್ಟು ಎರಡು ದಿನ ಚಿಂಚೋಳಿ ಗುಡ್ಡದಲ್ಲಿ: ಹೊರಡೋ ಮುಂಚೆ ಏನು, ಹೋದ ಮೇಲೆ ಏನು

ಶ್ರಾವಣ ಬಂತೆಂದರೆ ಓದುಗರು ಕೇಳೋದು ಒಂದೇ. "ಫೋನ್ ನೋಡಿ ನೋಡಿ ಸಾಕಾಗಿದೆ. ಎರಡು ದಿನ ಎಲ್ಲಾದರೂ ಗುಡ್ಡ, ಕಾಡು ಅಂತ ಹೋಗಿ ಬರಬೇಕು. ಚಿಕ್ಕಮಗಳೂರಿಗೆ ಹೋಗೋಕೆ ರಜೆ ಸಾಲಲ್ಲ. ಕಲಬುರಗಿ ಹತ್ತಿರ ಏನಾದ್ರೂ ಇದೆಯಾ?"

ಇದೆ. ಚಿಂಚೋಳಿ ತಾಲ್ಲೂಕಿನ ಗುಡ್ಡಗಳು. ಕಲಬುರಗಿಯಿಂದ ಚಿಂಚೋಳಿ ಪಟ್ಟಣಕ್ಕೆ ಸುಮಾರು 85 ಕಿ.ಮೀ., ಬೀದರಿನಿಂದ ಸುಮಾರು 60. ಅಲ್ಲಿಂದ ತೆಲಂಗಾಣದ ಗಡಿವರೆಗೆ ಗುಡ್ಡಸಾಲು, ಕುರುಚಲು ಕಾಡು, ನಡುವೆ ಚಂದ್ರಂಪಳ್ಳಿ ಜಲಾಶಯ. ಗೊಟ್ಟಂಗೊಟ್ಟ, ಎತ್ತಿಪೋತ ಜಲಪಾತ ಎಲ್ಲಾ ಈ ಕಡೆಯವೇ. 2011ರಲ್ಲಿ ಇಲ್ಲಿನ 134.88 ಚದರ ಕಿ.ಮೀ. ಕಾಡನ್ನು ವನ್ಯಜೀವಿಧಾಮ ಅಂತ ಘೋಷಿಸಿದರು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಅಂತ ಇದಕ್ಕೆ ಹೆಸರು. ಒಣಭೂಮಿ ಕಾಡು ಅಂದರೆ ಕಡಿಮೆ ಮಳೆಯಲ್ಲಿ ಬದುಕೋ, ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲೋ ಕಾಡು. ತೋಳ, ಕತ್ತೆಕಿರುಬ, ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ ಇಲ್ಲಿವೆ. ಇವೆ ಅಂದರೆ ಕಾಣುತ್ತವೆ ಅಂತಲ್ಲ.

ಲೆಕ್ಕ ಮೊದಲೇ ಸರಿ ಮಾಡಿಕೊಳ್ಳೋಣ. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತೆ. ಇಲ್ಲಿನ ಗುಡ್ಡಗಳು ಅದರ ಮೂರನೇ ಒಂದು ಪಾಲಿನ ಆಸುಪಾಸು. ಕಾಫಿ ತೋಟ ಇಲ್ಲ, ಚಳಿ ಇಲ್ಲ. ಮೇಲೆ ಹತ್ತಿದರೆ ಕೆಳಗೆ ನೀರು, ಸುತ್ತ ಹಸಿರು, ಒಳ್ಳೆ ಗಾಳಿ, ಜನ ಕಡಿಮೆ. ಅಷ್ಟು ಸಾಕು ಅನ್ನೋರು ಮುಂದೆ ಓದಿ.

ಇನ್ನೊಂದು ವಿಷಯ. ಫೋನ್ ಬಿಡೋಕೆ ಇಲ್ಲಿ ನೀವು ಹಟ ಮಾಡಬೇಕಿಲ್ಲ. ಕಾಡಿನೊಳಗೆ ಎಷ್ಟೋ ಕಡೆ ಸಿಗ್ನಲ್ಲೇ ಇರಲ್ಲ. ಹಾಗಾಗಿ ಈ ಪ್ರವಾಸದ ಮುಕ್ಕಾಲು ಕೆಲಸ ಮನೆಯಲ್ಲೇ ಮುಗೀಬೇಕು. ಅಲ್ಲಿ ಹೋದ ಮೇಲೆ "ಅಯ್ಯೋ, ಮನೆಗೆ ಹೇಳಲೇ ಇಲ್ಲ" ಅಂತ ಸಿಗ್ನಲ್ ಹುಡುಕ್ತಾ ಬಂಡೆ ಹತ್ತೋರೇ ಜಾಸ್ತಿ.

1. ದಿನ ಆರಿಸಿಕೊಳ್ಳಿ

ಬೇಸಿಗೆ ಕೊನೆಗೆ, ಮೇ ತಿಂಗಳಲ್ಲಿ ಹೋಗಬಹುದಾ ಅಂತ ಕೇಳೋರಿದ್ದಾರೆ. ಬೇಡ. ಬಿಸಿಲು 40 ಡಿಗ್ರಿ ದಾಟಿರುತ್ತೆ, ಸಾಗವಾನಿ ಬೋಳಾಗಿರುತ್ತೆ, ಜಲಪಾತದ ಜಾಗದಲ್ಲಿ ಬರೀ ಬಂಡೆ.

ಸರಿಯಾದ ಕಾಲ ಹುಬ್ಬಾ ಮಳೆ ಮುಗಿದ ಮೇಲೆ. ಸೆಪ್ಟೆಂಬರ್ ಮಧ್ಯದಿಂದ ಉತ್ತರಾ, ತಿಂಗಳ ಕೊನೆಗೆ ಹಸ್ತಾ. ಹಳ್ಳಗಳಲ್ಲಿ ನೀರು ಹರೀತಾ ಇರುತ್ತೆ, ತೊಗರಿ ಹೊಲ ಹಸಿರಾಗಿರುತ್ತೆ, ಕಾಡು ತುಂಬಿರುತ್ತೆ. ಆದರೆ ನಮ್ಮ ಭಾಗಕ್ಕೆ ಸೆಪ್ಟೆಂಬರ್ ಅಂದರೆ ಜೋರು ಮಳೆಯ ತಿಂಗಳೂ ಹೌದು. ನನ್ನ ಆಯ್ಕೆ ಹಸ್ತಾ ಮಳೆಯ ಹೊತ್ತು, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಎರಡನೇ ವಾರದೊಳಗೆ. ನೀರು ಸ್ವಲ್ಪ ಕಡಿಮೆ ಆಗಿರಬಹುದು, ಆದರೆ ದಾರಿ ನಡೆಯೋ ಹಾಗಿರುತ್ತೆ.

ಹೊರಡೋ ಹಿಂದಿನ ದಿನ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ ನೋಡಿ. ಯೆಲ್ಲೋ ಅಲರ್ಟ್ ಅಂದರೆ ಗಮನ ಇಟ್ಟಿರಿ, ಆರೆಂಜ್ ಅಂದರೆ ಸಿದ್ಧರಾಗಿರಿ, ರೆಡ್ ಅಂದರೆ ಕೂಡಲೇ ಕ್ರಮ ತಗೊಳ್ಳಿ ಅಂತ ಅರ್ಥ. ಇಲಾಖೆ "ಭಾರಿ ಮಳೆ" ಅಂತ ಬರೆದರೆ 24 ಗಂಟೆಯಲ್ಲಿ 64.5 ಮಿ.ಮೀ.ಗಿಂತ ಜಾಸ್ತಿ ಅಂತ ಲೆಕ್ಕ. ಕಲಬುರಗಿ, ಬೀದರ್ ಎರಡರಲ್ಲಿ ಒಂದಕ್ಕೆ ಆರೆಂಜ್ ಇದ್ದರೂ ಮುಂದೂಡಿ. ಗಡಿಯಾಚೆ ತೆಲಂಗಾಣದ ಮುನ್ಸೂಚನೆಯನ್ನೂ ನೋಡಿ, ಮಳೆಗೆ ಗಡಿ ಗೊತ್ತಾಗಲ್ಲ.

ರಜೆ ಲೆಕ್ಕ ಹಾಕುವಾಗ ಸೆಪ್ಟೆಂಬರ್ 17 ಬಿಟ್ಟುಬಿಡಿ. ಕಲ್ಯಾಣ ಕರ್ನಾಟಕ ಉತ್ಸವದ ರಜೆ ಅಂತ ಎಲ್ಲರೂ ಹೊರಬಿದ್ದಿರುತ್ತಾರೆ. ಭಾನುವಾರ ಜಲಪಾತದ ಹತ್ತಿರ ಸ್ಪೀಕರ್ ಹಚ್ಚಿಕೊಂಡು ಕುಣಿಯೋರು ಇರುತ್ತಾರೆ. ಸಾಧ್ಯ ಇದ್ದರೆ ವಾರದ ನಡುವೆ ಎರಡು ದಿನ ರಜೆ ಹಾಕಿ.

2. ಅನುಮತಿ ಮೊದಲು, ಚೀಲ ಆಮೇಲೆ

ಇದು ಪಾರ್ಕ್ ಅಲ್ಲ, ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಒಳಗೆ ಹೋಗೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಚಿಂಚೋಳಿಯ ವಲಯ ಅರಣ್ಯಾಧಿಕಾರಿ ಕಚೇರಿಗೆ, ಅಂದರೆ ಜನ ಆರ್‌ಎಫ್‌ಒ ಆಫೀಸ್ ಅನ್ನೋ ಕಚೇರಿಗೆ, ವಾರ ಮುಂಚೆಯೇ ಫೋನ್ ಮಾಡಿ ಅಥವಾ ಹೋಗಿ ಕೇಳಿ. ನಾಲ್ಕು ವಿಷಯ ಕೇಳಿಕೊಳ್ಳಿ:

- ಈಗ ಯಾವ ದಾರಿ ತೆರೆದಿದೆ, ಯಾವುದು ಬಂದ್?
- ಇಲಾಖೆಯ ವಸತಿ ಖಾಲಿ ಇದೆಯಾ, ಊಟ ಅಲ್ಲೇ ಸಿಗುತ್ತಾ?
- ಜೊತೆಗೆ ಬರೋಕೆ ವಾಚರ್ ಸಿಗ್ತಾರಾ? ವಾಚರ್ ಅಂದರೆ ಕಾಡು ಕಾಯೋ ಇಲಾಖೆ ಸಿಬ್ಬಂದಿ, ಹೆಚ್ಚಿನವರು ಅಲ್ಲೇ ಸುತ್ತಲಿನ ಊರು, ತಾಂಡಾಗಳವರು.
- ಸಂಜೆ ಎಷ್ಟು ಗಂಟೆಗೆ ಹೊರಗೆ ಬರಬೇಕು?

ವಸತಿ ಸಿಗದಿದ್ದರೆ ಚಿಂಚೋಳಿ ಪಟ್ಟಣದಲ್ಲಿ ಉಳಿದು ದಿನಾ ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಕಾಡಲ್ಲಿ ನಿಮ್ಮದೇ ಟೆಂಟ್ ಹಾಕೋ ಆಸೆ ಬಿಡಿ. ಬೆಂಕಿ ಹಚ್ಚೋದು ಕಾಯ್ದೆ ಪ್ರಕಾರ ಅಪರಾಧ. ಡ್ರೋನ್ ಮನೆಯಲ್ಲೇ ಇರಲಿ.

3. ಮನೆಗೆ, ಆಫೀಸಿಗೆ ಹೇಳಿ: ಎಲ್ಲಕ್ಕಿಂತ ಮುಖ್ಯ ಹಂತ ಇದೇ

"ಎರಡು ದಿನ ಫೋನ್ ಇರಲ್ಲ" ಅಂದರೆ ಆಫೀಸಿನವರು ಒಪ್ಪುತ್ತಾರೆ. ಅವ್ವ ಒಪ್ಪಲ್ಲ. ಸಂಜೆ ಏಳಕ್ಕೆ ಒಂದು ಸಲ ಫೋನ್ ಮಾಡ್ತಾಳೆ, ಸ್ವಿಚ್ ಆಫ್ ಬರುತ್ತೆ, ಒಂಬತ್ತಕ್ಕೆ ಕಾಕಾನ ಮನೆಗೆ ಸುದ್ದಿ ಹೋಗುತ್ತೆ, ಹತ್ತಕ್ಕೆ ನಿಮ್ಮ ಗೆಳೆಯರೆಲ್ಲರಿಗೂ ಫೋನ್. ಹೀಗಾಗಬಾರದು ಅಂದರೆ ಬಾಯಲ್ಲಿ ಹೇಳಿದರೆ ಸಾಲದು, ಒಂದು ಚೀಟಿ ಬರೆದು ಫ್ರಿಜ್ ಮೇಲೋ ಕ್ಯಾಲೆಂಡರ್ ಪಕ್ಕವೋ ಅಂಟಿಸಿ. ಮಾದರಿ ಹೀಗೆ:

"ಮಂಗಳವಾರ ಬೆಳಿಗ್ಗೆ 6ಕ್ಕೆ ಹೊರಡ್ತೀವಿ. ನಾಲ್ಕು ಜನ (ಹೆಸರು, ನಂಬರ್). ಗಾಡಿ ನಂಬರ್ ಇದು. ರಾತ್ರಿ ಇರೋದು ಇಲ್ಲಿ, ಅಲ್ಲಿನ ನಂಬರ್ ಇದು. ಬುಧವಾರ ಎತ್ತಿಪೋತ ಕಡೆ. ಸಂಜೆ 6ರೊಳಗೆ ಚಿಂಚೋಳಿಗೆ ಬಂದು ಫೋನ್ ಮಾಡ್ತೀವಿ. ಅದಕ್ಕೂ ಮುಂಚೆ ಫೋನ್ ಹತ್ತದಿದ್ದರೆ ಗಾಬರಿ ಬೇಡ. ರಾತ್ರಿ 9 ಆದರೂ ಫೋನ್ ಬರದಿದ್ದರೆ ಮೊದಲು ವಸತಿಗೆ, ಆಮೇಲೆ ಆರ್‌ಎಫ್‌ಒ ಆಫೀಸಿಗೆ, ಆಮೇಲೆ 112ಕ್ಕೆ."

ಕೊನೆಯ ಎರಡು ಸಾಲು ಬಹಳ ಮುಖ್ಯ. ಎಷ್ಟು ಹೊತ್ತಿನವರೆಗೆ ಸುಮ್ನೆ ಇರಬೇಕು, ಯಾವಾಗಿಂದ ಹುಡುಕಬೇಕು ಅನ್ನೋದು ಮನೆಯವರಿಗೆ ಗೊತ್ತಿದ್ದರೆ ಅವರಿಗೂ ನಿದ್ದೆ, ನಿಮಗೂ ನೆಮ್ಮದಿ. ಚೀಟಿಯಲ್ಲಿ ಬರೆದ ದಾರಿಯನ್ನು ಅಲ್ಲಿ ಹೋಗಿ ಬದಲಾಯಿಸಬೇಡಿ. ಬದಲಾಯಿಸಲೇಬೇಕು ಅಂದರೆ ವಸತಿಯಲ್ಲಿ ಹೇಳಿ ಹೋಗಿ.

ಆಫೀಸಿನ ವಿಷಯಕ್ಕೆ ಬಂದರೆ, ನಿಮ್ಮ ಬದಲಿಗೆ ಯಾರನ್ನು ಕೇಳಬೇಕು ಅನ್ನೋ ಒಂದು ಹೆಸರು ಕೊಟ್ಟು ಹೋಗಿ. ಮೇಲ್‌ಗೆ ತಾನಾಗಿ ಉತ್ತರ ಹೋಗೋ ಸೌಲಭ್ಯ ಹಾಕಿ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಮಾತ್ರ "ಎರಡು ದಿನ ಮನೆಯಲ್ಲಿಲ್ಲ" ಅಂತ ಹಾಕಬೇಡಿ. ಕಳ್ಳರೂ ಸ್ಟೇಟಸ್ ನೋಡ್ತಾರೆ, ಅಲ್ವಾ?

ಕರೆಂಟ್ ಬಿಲ್, ಸಾಲದ ಕಂತು, ಮಕ್ಕಳ ಫೀಸು, ಓಟಿಪಿ ಬೇಕಾಗೋ ಯಾವ ಕೆಲಸವೇ ಇರಲಿ, ಹಿಂದಿನ ದಿನವೇ ಮುಗಿಸಿ.

4. ಫೋನ್ ತಗೊಂಡು ಹೋಗಿ, ಆದರೆ ಹೀಗೆ

ಮನೆಯಲ್ಲೇ ಬಿಟ್ಟು ಹೋಗ್ತೀನಿ ಅನ್ನೋದು ಕೇಳೋಕೆ ಚೆಂದ. ಕಾಲು ಉಳುಕಿದರೆ ಏನು ಮಾಡ್ತೀರಿ? ಫೋನ್ ಇರಲಿ, ಚೀಲದ ತಳದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಏರ್‌ಪ್ಲೇನ್ ಮೋಡಿನಲ್ಲಿ. ಸಿಗ್ನಲ್ ಇಲ್ಲದ ಜಾಗದಲ್ಲಿ ಫೋನ್ ಟವರ್ ಹುಡುಕ್ತಾ ಹುಡುಕ್ತಾ ಬ್ಯಾಟರಿ ಖಾಲಿ ಮಾಡುತ್ತೆ. ಏರ್‌ಪ್ಲೇನ್ ಮೋಡ್ ಹಾಕಿದರೆ ಚಾರ್ಜ್ ಬಹಳ ಹೊತ್ತು ಉಳಿಯುತ್ತೆ.

ಮನೆಯ ವೈಫೈ ಇರುವಾಗಲೇ ಚಿಂಚೋಳಿ ಸುತ್ತಲಿನ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಜಿಪಿಎಸ್ ಸಿಗ್ನಲ್ ಬರೋದು ಉಪಗ್ರಹದಿಂದ, ಟವರಿನಿಂದಲ್ಲ. ಹಾಗಾಗಿ ನೆಟ್‌ವರ್ಕ್ ಇಲ್ಲದಿದ್ದರೂ ನೀವು ಎಲ್ಲಿದ್ದೀರಿ ಅಂತ ತೋರಿಸುತ್ತೆ.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳ್ತಾರೆ. ಮ್ಯಾಪಿನಲ್ಲಿ "ಎತ್ತಿಪೋತ" ಅಂತ ಹುಡುಕಿದರೆ ಆಂಧ್ರದ ನಾಗಾರ್ಜುನ ಸಾಗರದ ಹತ್ತಿರ ಇರೋ ಎತ್ತಿಪೋತಲ ಜಲಪಾತ ಮೊದಲು ಬರುತ್ತೆ. ಅದೇ ಜಾಸ್ತಿ ಪ್ರಸಿದ್ಧ. ಮ್ಯಾಪು ನೂರಾರು ಕಿ.ಮೀ. ತೋರಿಸ್ತಿದ್ದರೆ ನಿಲ್ಲಿ, "ಚಿಂಚೋಳಿ" ಅಂತ ಸೇರಿಸಿ ಮತ್ತೆ ಹುಡುಕಿ.

"ಸಿಗ್ನಲ್ ಇಲ್ಲದಿದ್ದರೂ 112 ಹೋಗುತ್ತೆ" ಅನ್ನೋದು ಅರ್ಧ ನಿಜ. ನಿಮ್ಮ ಕಂಪನಿಯ ಟವರ್ ಇಲ್ಲದೆ ಬೇರೆ ಕಂಪನಿಯದು ಇದ್ದರೆ ಹೋಗುತ್ತೆ. ಯಾವ ಟವರೂ ಇಲ್ಲ ಅಂದರೆ ಹೋಗಲ್ಲ. ಗುಂಪಿನಲ್ಲಿ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರೋ ಹಾಗೆ ನೋಡಿಕೊಳ್ಳಿ.

ಇನ್ನು ಕೈ ಸುಮ್ನೆ ಜೇಬಿಗೆ ಹೋಗೋ ಚಾಳಿ. ನಾವು ಫೋನ್ ತೆಗೆಯೋದು ಟೈಮ್ ನೋಡೋಕೆ, ವಾಪಸ್ ಇಡೋದು ಅರ್ಧ ಗಂಟೆ ಆದ ಮೇಲೆ. ಅದಕ್ಕೇ ಕೈಗೆ ಮುಳ್ಳಿನ ಗಡಿಯಾರ ಕಟ್ಟಿ. ಬೆಳಕಿಗೆ ಬೇರೆ ಬ್ಯಾಟರಿ ತಗೊಳ್ಳಿ, ನಮ್ಮ ಕಡೆ ಟಾರ್ಚಿಗೆ ಅನ್ನೋ ಬ್ಯಾಟರಿ. ಬೇಕಾದ ನಂಬರುಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಇಷ್ಟು ಮಾಡಿದರೆ ಫೋನ್ ತೆಗೆಯೋಕೆ ನೆಪಾನೇ ಉಳಿಯಲ್ಲ. ಫೋಟೋ ಬೇಕೇ ಬೇಕು ಅನ್ನೋರು ಇಡೀ ಗುಂಪಿಗೆ ಒಬ್ಬರೇ ತೆಗೆಯಲಿ.

5. ಚೀಲಕ್ಕೆ ಏನೇನು

ನೀರು ತಲೆಗೆ ದಿನಕ್ಕೆ ಮೂರು ಲೀಟರ್. ಮಳೆಗಾಲ ಅಂತ ಕಡಿಮೆ ಮಾಡಬೇಡಿ, ಮೋಡದ ಸೆಕೆಯಲ್ಲಿ ಬೆವರು ಜಾಸ್ತಿ. ಜೊತೆಗೆ ಓಆರ್‌ಎಸ್ ಪುಡಿ.

ಊಟಕ್ಕೆ ನಮ್ಮ ಖಡಕ್ ರೊಟ್ಟಿಗಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗಲ್ಲ. ಕೆಡಲ್ಲ, ಭಾರ ಇಲ್ಲ. ಆದರೆ ಬಟ್ಟೆಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಡಿ, ಇಲ್ಲಾಂದ್ರೆ ಸಂಜೆ ಹೊತ್ತಿಗೆ ನುಚ್ಚು ತಿನ್ನಬೇಕಾಗುತ್ತೆ. ಶೇಂಗಾ ಹಿಂಡಿ, ಒಂದು ಗಡ್ಡಿ ಉಳ್ಳಾಗಡ್ಡಿ, ಸಿಹಿಗೆ ಮಾದಲಿ. ಮೊಸರು ಮೊದಲ ದಿನಕ್ಕೆ ಮಾತ್ರ.

ಪಾದ ಪೂರ್ತಿ ಮುಚ್ಚೋ, ಅಡಿಯಲ್ಲಿ ಹಲ್ಲಿರೋ ಬೂಟು. ಇದರಲ್ಲಿ ರಾಜಿ ಬೇಡ. ಕೆಳಗಿನ ಹೊಲಗಳ ಕಡೆ ಎರೆ ಮಣ್ಣು. ಮಳೆ ಬಿದ್ದ ಎರೆಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಬೂಟಿಗೆ ಬೂಟಿನಷ್ಟೇ ಮಣ್ಣು ಹತ್ತಿರುತ್ತೆ. ಕಡ್ಡಿಯಿಂದ ಕೆರೆದು ಮುಂದೆ ಹೋದರೆ ಮತ್ತೆ ಅಷ್ಟೇ. ಮೇಲೆ ಗುಡ್ಡದಲ್ಲಿ ಕೆಂಪು ಮುರುಮು, ನೀರು ಬೇಗ ಇಂಗುತ್ತೆ, ಆದರೆ ಸಣ್ಣ ಹರಳು ಜಾರಿಸುತ್ತೆ. ಚಪ್ಪಲಿ ಎರಡಕ್ಕೂ ಆಗಲ್ಲ.

ಉಳಿದಿದ್ದು: ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಒಂದು ಜೊತೆ ಜಾಸ್ತಿ ಸಾಕ್ಸು, ಮಳೆ ಕೋಟು, ಸೊಳ್ಳೆ ಮುಲಾಮು, ಬ್ಯಾಂಡೇಜು, ದಿನಾ ತಗೊಳ್ಳೋ ಬಿಪಿ ಶುಗರ್ ಮಾತ್ರೆ, ಒಂದು ಸೀಟಿ. ದಾರಿ ತಪ್ಪಿದರೆ ಸೀಟಿ ನಿಮ್ಮ ಕೂಗಿಗಿಂತ ದೂರ ಕೇಳುತ್ತೆ. ದುಡ್ಡು ಚಿಲ್ಲರೆ ನೋಟಿನಲ್ಲಿ ಇರಲಿ. ನೆಟ್‌ವರ್ಕ್ ಇಲ್ಲದ ಕಡೆ ಫೋನ್‌ಪೇ, ಗೂಗಲ್‌ಪೇ ನಂಬಿ ಹೋದರೆ ಚಹಾನೂ ಸಿಗಲ್ಲ.

6. ಹೋಗೋದು

ಕಲಬುರಗಿಯಿಂದ, ಬೀದರಿನಿಂದ ಚಿಂಚೋಳಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ. ಹೆಣ್ಣುಮಕ್ಕಳು ಶಕ್ತಿ ಯೋಜನೆಯ ಟಿಕೆಟ್ಟಿಗೆ ಗುರುತಿನ ಚೀಟಿ ಮರೀಬೇಡಿ. ಚಿಂಚೋಳಿಯಿಂದ ಮುಂದೆ ಟಂಟಂ ಅಥವಾ ಬಾಡಿಗೆ ಗಾಡಿ. ಟಂಟಂ ಹತ್ತುವಾಗ ಬಾಡಿಗೆ ಜೊತೆಗೆ ವಾಪಸ್ ಕರ್ಕೊಂಡು ಹೋಗೋ ಟೈಮೂ ಮಾತಾಡಿಕೊಳ್ಳಿ. ಒಳಗಿಂದ ಫೋನ್ ಮಾಡಿ ಕರೆಸೋಕೆ ಆಗಲ್ಲ. ಸ್ವಂತ ಗಾಡಿಯವರು ಚಿಂಚೋಳಿಯಲ್ಲೇ ಟ್ಯಾಂಕ್ ತುಂಬಿಸಿ, ಸ್ಟೆಪ್ನಿಯಲ್ಲಿ ಗಾಳಿ ನೋಡಿ.

7. ಮೊದಲ ದಿನ ಜಾಸ್ತಿ ತುಂಬಿಸಬೇಡಿ

ಗೊಟ್ಟಂಗೊಟ್ಟ, ಚಂದ್ರಂಪಳ್ಳಿ, ಎತ್ತಿಪೋತ, ಎಲ್ಲಾ ಒಂದೇ ದಿನ ಮುಗಿಸೋ ಪಟ್ಟಿ ಮಾಡಿಕೊಂಡು ಬರೋರಿದ್ದಾರೆ. ಅದು ಫೋನ್ ಇಲ್ಲದ ರೀಲ್ಸ್ ಅಷ್ಟೇ. ಮೊದಲ ದಿನ ಚಂದ್ರಂಪಳ್ಳಿ ಒಂದೇ ಸಾಕು. ಮಧ್ಯಾಹ್ನ ತಲುಪಿ, ಉಂಡು, ಬಿಸಿಲು ಇಳಿದ ಮೇಲೆ ಇಲಾಖೆಯವರು ತೋರಿಸಿದ ದಾರಿಯಲ್ಲಿ ನೀರು ಕಾಣೋ ಎತ್ತರಕ್ಕೆ ಹೋಗಿ ಕೂತುಕೊಳ್ಳಿ. ಮೊದಲ ಒಂದು ಗಂಟೆ ಬೇಜಾರಾಗುತ್ತೆ. ಆಗಲಿ. ಯಾರೂ ಮಾತಾಡದೆ ಕೂತರೆ ನವಿಲಿನ ಕೂಗು ಯಾವ ಕಡೆಯಿಂದ ಬರ್ತಿದೆ ಅಂತ ಗೊತ್ತಾಗೋಕೆ ಶುರುವಾಗುತ್ತೆ.

ಜಲಾಶಯದಲ್ಲಿ ಈಜೋಕೆ ಇಳೀಬೇಡಿ. ನೀರು ಸುಮ್ನೆ ನಿಂತ ಹಾಗೆ ಕಂಡರೂ ದಂಡೆಯಿಂದ ಎರಡು ಹೆಜ್ಜೆಗೆ ಆಳ ಇರಬಹುದು, ತಳದಲ್ಲಿ ಹೂಳು ಕಾಲು ಹಿಡಿಯುತ್ತೆ.

ಮಕ್ಕಳಿದ್ದರೆ ಗಡಿಯಾರ ಅವರ ಕೈಗೆ ಕೊಡಿ, ಟೈಮ್ ಹೇಳೋ ಕೆಲಸ ಅವರದು. ರಾತ್ರಿ ಮೋಡ ಇಲ್ಲದಿದ್ದರೆ ಹೊರಗೆ ಬಂದು ಎಲ್ಲಾ ದೀಪ ಆರಿಸಿ. ಕಣ್ಣು ಕತ್ತಲೆಗೆ ಹೊಂದೋಕೆ ಇಪ್ಪತ್ತು ನಿಮಿಷವಾದರೂ ಬೇಕು. ನಡುವೆ ಯಾರಾದರೂ ಫೋನ್ ಬೆಳಕು ಬಿಟ್ಟರೆ ಲೆಕ್ಕ ಮತ್ತೆ ಸೊನ್ನೆಯಿಂದ.

8. ಎರಡನೇ ದಿನ: ನಡಿಗೆ ಮತ್ತು ನೀರು

ಬೆಳಕಾದ ಕೂಡಲೇ ಹೊರಡಿ, ವಾಚರ್ ಜೊತೆಗೆ. ಕಾಡುದಾರಿಯಲ್ಲಿ ಗಂಟೆಗೆ ಎರಡರಿಂದ ಮೂರು ಕಿ.ಮೀ. ಅಂತ ಲೆಕ್ಕ ಹಾಕಿ, ಊರಿನ ನಡಿಗೆಯ ಲೆಕ್ಕ ಇಲ್ಲಿ ನಡೆಯಲ್ಲ. ಸೆಪ್ಟೆಂಬರ್ ಕೊನೆಗೆ ನಮ್ಮ ಕಡೆ ಸೂರ್ಯ ಮುಳುಗೋದು ಸುಮಾರು 6:15ಕ್ಕೆ, ಅಕ್ಟೋಬರ್ ಮಧ್ಯದ ಹೊತ್ತಿಗೆ 6 ಗಂಟೆಗೇ. ಕಾಡೊಳಗೆ ಅದಕ್ಕೂ ಮುಂಚೆ ಕತ್ತಲು. ಹಾಗಾಗಿ ಒಂದು ನಿಯಮ ಮಾಡಿಕೊಳ್ಳಿ: ಮಧ್ಯಾಹ್ನ 2 ಆದರೆ ಎಲ್ಲೇ ಇದ್ದರೂ ವಾಪಸ್. ಜಲಪಾತ ಇನ್ನೊಂದು ತಿರುವಿನಲ್ಲಿ ಇದ್ದರೂ ಅಷ್ಟೇ. ಹೀಗೆ ಬೇಗ ವಾಪಸ್ ಆದರೆ ಇನ್ನೊಂದು ಲಾಭ, ಸಿಡಿಲಿನಿಂದ ತಪ್ಪಿಸಿಕೊಳ್ಳಬಹುದು. ಈ ಕಾಲದಲ್ಲಿ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆ ಕಡೆ ಕಟ್ಟುತ್ತೆ.

ಎತ್ತಿಪೋತದ ಹತ್ತಿರ ಜನ ಬೀಳೋದು ಎತ್ತರದಿಂದಲ್ಲ, ಪಾಚಿಯಿಂದ. ಕಪ್ಪಗೆ ಹೊಳೆಯೋ ಬಂಡೆ ಮೇಲೆ ಕಾಲಿಡಬೇಡಿ. ಬೀಳೋ ನೀರಿನ ಕೆಳಗೆ ನಿಲ್ಲಬೇಡಿ, ನೀರಿನ ಜೊತೆ ಕಲ್ಲೂ ಬರುತ್ತೆ. ಜಲಪಾತದ ನೆತ್ತಿಗೆ ಹೋಗಿ ಇಣುಕೋದಂತೂ ಬೇಡವೇ ಬೇಡ.

ಹಳ್ಳದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನೀವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಆಗಿದ್ದರೆ ನೀರು ಒಮ್ಮೆಲೇ ಬರುತ್ತೆ. ಗುರುತು ಹೀಗೆ: ತಿಳಿ ನೀರು ಕೆಂಪಾಗುತ್ತೆ, ಎಲೆ ಕಡ್ಡಿ ತೇಲಿ ಬರೋಕೆ ಶುರುವಾಗುತ್ತೆ, ಸದ್ದು ಬದಲಾಗುತ್ತೆ. ಮೂರರಲ್ಲಿ ಒಂದು ಕಂಡರೂ ಸಾಮಾನು ಬಿಟ್ಟು ದಂಡೆ ಹತ್ತಿ. ಹರಿಯೋ ನೀರು ಮೊಣಕಾಲು ಮುಟ್ಟಿದರೆ ದಾಟಬೇಡಿ, ಕಾರು ಬೈಕಿನಲ್ಲಂತೂ ಬೇಡ. ಕಾದರೆ ಕೆಲವು ಗಂಟೆಯಲ್ಲಿ ಇಳಿಯುತ್ತೆ. ರೊಟ್ಟಿ ಇದೆಯಲ್ಲ, ಕೂತು ತಿನ್ನಿ.

ಮಿಂಚು ಕಂಡ ಮೇಲೆ ಎಣಿಸಿ. ಮೂವತ್ತು ಎಣಿಸೋದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ ಅಂತ ಅರ್ಥ. ಗುಡ್ಡದ ನೆತ್ತಿ, ಒಂಟಿ ಮರ, ನೀರು ಬಿಟ್ಟು ದೂರ ಬನ್ನಿ. ಪಕ್ಕಾ ಕಟ್ಟಡ ಅಥವಾ ಗಾಜು ಏರಿಸಿದ ಕಾರು ಸುರಕ್ಷಿತ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಗೆ ಬನ್ನಿ.

ಬಂಡೆಗೆ ಹೆಜ್ಜೇನು ಕಟ್ಟಿದ್ದರೆ ಬೀಡಿ ಸಿಗರೇಟು, ಕೂಗಾಟ ಬೇಡ, ಸುಮ್ನೆ ದಾಟಿಬಿಡಿ.

9. ಹಾವು

ಎಲ್ಲರೂ ಹೆದರೋದು ಇದಕ್ಕೇ, ತಪ್ಪು ಮಾಡೋದೂ ಇಲ್ಲೇ. ಕಲ್ಲು ಗುಡ್ಡದ ಒಣ ಕಾಡಿನಲ್ಲಿ ಗರಗಸ ಮಂಡಲ, ಕೊಳಕುಮಂಡಲ ಇರುತ್ತವೆ. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಬ್ಯಾಟರಿ ಇಲ್ಲದೆ ರಾತ್ರಿ ಹೊರಗೆ ಕಾಲಿಡಬೇಡಿ, ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ನೆಲದ ಮೇಲೆ ಮಲಗಬೇಡಿ. ಕಟ್ಟುಹಾವು ರಾತ್ರಿ ಕಚ್ಚುತ್ತೆ, ನೋವೂ ಅಷ್ಟಾಗಿ ಇರಲ್ಲ.

ಕಚ್ಚಿದರೆ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಊದಿಕೊಂಡ ಮೇಲೆ ಬರಲ್ಲ. ಕಚ್ಚಿದ ಕೈ ಕಾಲು ಅಲುಗಾಡದಂತೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಎತ್ತಿಕೊಂಡು ಗಾಡಿಗೆ ತನ್ನಿ. ನೇರ ಚಿಂಚೋಳಿ ತಾಲ್ಲೂಕು ಆಸ್ಪತ್ರೆ. ಸಿಗ್ನಲ್ ಸಿಕ್ಕ ಕೂಡಲೇ 108. ಮಂತ್ರ ಹಾಕಿಸೋಣ, ನಾಟಿ ಔಷಧಿ ನೋಡೋಣ ಅನ್ನೋರ ಮಾತಿಗೆ ಒಂದು ನಿಮಿಷವೂ ಕೊಡಬೇಡಿ. ಹಾವನ್ನು ಹೊಡೆದು ತರೋದೂ ಬೇಡ. ವಿಷಕ್ಕೆ ಕೊಡೋ ಚುಚ್ಚುಮದ್ದು ಈ ನಾಲ್ಕು ದೊಡ್ಡ ವಿಷದ ಹಾವುಗಳಿಗೂ, ಅಂದರೆ ನಾಗರಹಾವೂ ಸೇರಿ, ಒಂದೇ.

10. ವಾಪಸ್ ಬಂದ ಮೇಲೆ

ಚಿಂಚೋಳಿಗೆ ಬಂದ ತಕ್ಷಣ ಮೊದಲ ಫೋನ್ ಮನೆಗೆ. ವಾಟ್ಸಾಪ್ ಆಮೇಲೆ, ಸಾಧ್ಯ ಆದರೆ ಮರುದಿನ ಬೆಳಿಗ್ಗೆ. ಕಸ ಎಲ್ಲಾ ಚೀಲದಲ್ಲೇ ವಾಪಸ್ ತಂದಿರಬೇಕು, ಬಾಟಲಿ ಮುಚ್ಚಳದ ಸಮೇತ.

ಮನೆಯಲ್ಲಿ ಬಟ್ಟೆ ಬಿಸಿನೀರಿಗೆ ಹಾಕಿ. ಸ್ನಾನ ಮಾಡುವಾಗ ಕಂಕುಳು, ಸೊಂಟದ ಪಟ್ಟಿ, ಮೊಣಕಾಲಿನ ಹಿಂದೆ ಉಣ್ಣಿ ಹತ್ತಿದೆಯಾ ನೋಡಿ. ಹತ್ತಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಎಣ್ಣೆ ಸುರಿಯೋದು, ಬೆಂಕಿಕಡ್ಡಿ ಹಚ್ಚೋದು ಬೇಡ. ಎರಡು ಮೂರು ವಾರದೊಳಗೆ ಜ್ವರ ಬಂದರೆ, ಅದರಲ್ಲೂ ಮೈಮೇಲೆ ಎಲ್ಲಾದರೂ ಕಪ್ಪು ಹಕ್ಕಳೆಯ ಸಣ್ಣ ಗಾಯ ಕಂಡರೆ, ಡಾಕ್ಟರಿಗೆ "ಕಾಡಿಗೆ ಹೋಗಿದ್ದೆ" ಅಂತ ತಪ್ಪದೆ ಹೇಳಿ. ಹುಲ್ಲು ಪೊದೆಯ ಸಣ್ಣ ನುಸಿ ಕಚ್ಚಿ ಬರೋ ಸ್ಕ್ರಬ್ ಟೈಫಸ್ ಅನ್ನೋ ಜ್ವರ ಮಳೆಗಾಲ ಮುಗಿಯೋ ಹೊತ್ತಿಗೇ ಜಾಸ್ತಿ. ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿ ಆಗುತ್ತೆ, ಆದರೆ ನೀವು ಹೇಳದಿದ್ದರೆ ಅವರು ಡೆಂಗಿ ಪರೀಕ್ಷೆಯಿಂದಲೇ ಶುರು ಮಾಡ್ತಾರೆ.